ಪ್ರತಿ ಎಷ್ಟು ಕಾಲ, ಪ್ರತಿ ಎಲ್ಲಿ? ಶಾಲಾ ಸರ್ವರಿನ ಬ್ಯಾಕಪ್ ದೋಷಗಳನ್ನು ಗುರುತಿಸುವ ಕ್ರಮ

ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನ ಕವಿಯ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿಸಿದಳೆಂಬುದು ಕನ್ನಡ ಅಧ್ಯಾಪಕರೆಲ್ಲರಿಗೂ ತಿಳಿದ ಸಂಗತಿ. ಈ ಪ್ರಸಂಗವನ್ನು ಬೋಧಿಸುವಾಗ ಸಾಮಾನ್ಯವಾಗಿ ಸಾವಿರ ಎಂಬ ಸಂಖ್ಯೆಯ ಕಡೆಗೇ ಗಮನ ಹರಿಯುತ್ತದೆ. ಆದರೆ ಅದರಷ್ಟೇ ಮುಖ್ಯವಾದ ಮಾತು ‘ಹಂಚಿಸಿದಳು’ ಎಂಬುದು. ಸಾವಿರ ಪ್ರತಿಗಳೂ ಒಂದೇ ಮನೆಯಲ್ಲಿದ್ದಿದ್ದರೆ ಗೆದ್ದಲಿಗೋ ಬೆಂಕಿಗೋ ಎಲ್ಲವೂ ಒಟ್ಟಿಗೆ ತುತ್ತಾಗಬಹುದಾಗಿತ್ತು. ಪ್ರತಿ ಮಾಡುವುದು ಒಂದು ಕೆಲಸ. ಆ ಪ್ರತಿ ಎಲ್ಲಿ ಇರಬೇಕು, ಎಷ್ಟು ಕಾಲ ಇರಬೇಕು ಎಂಬುದನ್ನು ನಿರ್ಧರಿಸುವುದು ಇನ್ನೊಂದು ಕೆಲಸ.

ಇಂದಿನ ಶಾಲೆಗಳ ಕಂಪ್ಯೂಟರ್ ಕೊಠಡಿಯಲ್ಲಿಯೂ ಇದೇ ಪ್ರಶ್ನೆ ಬೇರೊಂದು ರೂಪದಲ್ಲಿ ಎದುರಾಗುತ್ತದೆ. ಕರ್ನಾಟಕದ ಗಡಿಯಾಚೆಗಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಇದು ಇನ್ನಷ್ಟು ಗಂಭೀರವಾದುದು. ರಾಜ್ಯಭಾಷೆಯಲ್ಲಿ ಸಿದ್ಧವಾದ ಪ್ರಶ್ನೆಪತ್ರಿಕೆ ಅಥವಾ ಕಾರ್ಯಹಾಳೆ ಕಳೆದುಹೋದರೆ ನೆರೆಯ ಶಾಲೆಯಿಂದ ತರಿಸಿಕೊಳ್ಳಬಹುದು. ಆದರೆ ಅಧ್ಯಾಪಕರೊಬ್ಬರು ರಾತ್ರಿ ಕುಳಿತು ಕನ್ನಡಕ್ಕೆ ಅನುವಾದಿಸಿದ ಘಟಕ ಪರೀಕ್ಷೆಗಳು, ವಿಜ್ಞಾನ ಪಾಠಕ್ಕೆಂದು ಸಂಗ್ರಹಿಸಿದ ಪಾರಿಭಾಷಿಕ ಪದಗಳ ಪಟ್ಟಿ, ಊರಿನ ಹಿರಿಯರಿಂದ ಧ್ವನಿಮುದ್ರಿಸಿಕೊಂಡ ಸೋಬಾನೆ ಹಾಡುಗಳು, ಒಗಟುಗಳು ಅನೇಕ ಬಾರಿ ಆ ಶಾಲೆಯ ಒಂದು ಸರ್ವರಿನಲ್ಲಿ ಮಾತ್ರ ಇರುತ್ತವೆ. ಅವು ಹೋದರೆ ಕೇಳಿ ಪಡೆಯಲು ಬೇರೆ ಮನೆಯಿಲ್ಲ.

‘ನಮ್ಮ ಶಾಲೆಯಲ್ಲಿ ಬ್ಯಾಕಪ್ ಇದೆ’ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಆದರೆ ಬ್ಯಾಕಪ್ ತಂತ್ರಾಂಶ ಸ್ಥಾಪಿತವಾಗಿರುವುದು ಬೇರೆ, ಬೇಕಾದ ದಿನ ಬೇಕಾದ ಕಡತ ಮರಳಿ ದೊರೆಯುವುದು ಬೇರೆ. ಇವೆರಡರ ನಡುವೆ ಸಂಭವಿಸುವ ದೋಷಗಳಲ್ಲಿ ಹೆಚ್ಚಿನವು ಎರಡು ಆಯ್ಕೆಗಳಿಗೆ ಸಂಬಂಧಿಸಿದವು: ಉಳಿಕೆಯ ನಿಯಮ ಮತ್ತು ಶೇಖರಣೆಯ ತಾಣ. ಇವು ಕೆಡುವ ಬಗೆಯನ್ನೂ ಕೆಟ್ಟದ್ದನ್ನು ಪತ್ತೆಹಚ್ಚುವ ಕ್ರಮವನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ.

ಎರಡು ಪದಗಳ ಅರ್ಥ

ಶಾಲಾ ಕಚೇರಿಯ ದಾಖಲೆಗಳ ಉದಾಹರಣೆಯಿಂದ ಈ ಪದಗಳನ್ನು ಸುಲಭವಾಗಿ ತಿಳಿಯಬಹುದು. ದಾಖಲಾತಿ ರಿಜಿಸ್ಟರನ್ನು ಶಾಶ್ವತವಾಗಿ ಕಾಪಾಡಲಾಗುತ್ತದೆ. ಹಾಜರಿ ಪುಸ್ತಕವನ್ನು ನಿಗದಿಯಾದ ಕೆಲವು ವರ್ಷಗಳ ವರೆಗೆ ಇಟ್ಟು ಬಳಿಕ ವಿಲೇವಾರಿ ಮಾಡಲಾಗುತ್ತದೆ. ರಜೆಯ ಅರ್ಜಿ ಅಷ್ಟು ಕಾಲವೂ ಉಳಿಯಬೇಕಿಲ್ಲ. ಯಾವುದನ್ನು ಎಷ್ಟು ಕಾಲ ಇಡಬೇಕು, ಯಾವಾಗ ತೆಗೆಯಬೇಕು ಎಂಬ ಈ ಕಟ್ಟಳೆಯನ್ನೇ ಬ್ಯಾಕಪ್ ತಂತ್ರಾಂಶದಲ್ಲಿ ರಿಟೆನ್ಷನ್ ಪಾಲಿಸಿ ಎನ್ನುತ್ತಾರೆ. ಕನ್ನಡದಲ್ಲಿ ಉಳಿಕೆಯ ನಿಯಮ ಎನ್ನಬಹುದು. ಕಚೇರಿಯ ಕಪಾಟು, ಮುಖ್ಯೋಪಾಧ್ಯಾಯರ ಕೋಣೆಯ ಬೀರು, ಮೇಲಧಿಕಾರಿಗಳ ಕಚೇರಿ ಎಂಬಂತೆ ದಾಖಲೆ ಇರುವ ಜಾಗವೇ ತಾಣ. ಸರ್ವರಿಗೆ ಜೋಡಿಸಿದ ಹೊರ ಡಿಸ್ಕ್, ಜಾಲದ ಮೂಲಕ ತಲುಪುವ ಇನ್ನೊಂದು ಕಂಪ್ಯೂಟರಿನ ಫೋಲ್ಡರ್, ಅಂತರ್ಜಾಲದ ಕ್ಲೌಡ್ ಸಂಗ್ರಹ ಇವು ಸಾಮಾನ್ಯ ತಾಣಗಳು.

ಕಪಾಟು ತುಂಬಿದರೆ ಗುಮಾಸ್ತರು ಬಂದು ಕೇಳುತ್ತಾರೆ: ಹಳೆಯದನ್ನು ತೆಗೆಯಬೇಕೇ, ಹೊಸ ಕಪಾಟು ತರಬೇಕೇ? ತಂತ್ರಾಂಶವು ಹೀಗೆ ಕೇಳಿಕೊಂಡು ಕಾಯುವುದಿಲ್ಲ. ನಿಯಮಕ್ಕೂ ತಾಣಕ್ಕೂ ಹೊಂದಿಕೆ ತಪ್ಪಿದಾಗ ಅದು ತನಗೆ ವಿಧಿಸಿದಂತೆ ಯಾವುದೋ ಒಂದನ್ನು ಬಿಟ್ಟುಕೊಡುತ್ತದೆ. ಕೆಲವು ತಂತ್ರಾಂಶಗಳು ಹಳೆಯ ಪ್ರತಿಯನ್ನು ಬಿಡುತ್ತವೆ, ಕೆಲವು ಹೊಸ ಪ್ರತಿಯನ್ನು ಬಿಡುತ್ತವೆ. ಯಾವುದನ್ನು ಬಿಡುತ್ತದೆ ಎಂಬುದನ್ನು ಮೊದಲೇ ತಿಳಿದಿರುವುದೇ ದೋಷ ನಿವಾರಣೆಯ ಮೊದಲ ಮೆಟ್ಟಿಲು.

ಪೂರ್ಣ ಪ್ರತಿ ಮತ್ತು ಸರಪಳಿ

ಎಲ್ಲ ಕಡತಗಳನ್ನೂ ಒಮ್ಮೆಗೆ ನಕಲಿಸಿದರೆ ಅದು ಪೂರ್ಣ ಪ್ರತಿ. ಪ್ರತಿದಿನವೂ ಪೂರ್ಣ ಪ್ರತಿ ಮಾಡಲು ಕಾಲವೂ ಜಾಗವೂ ಹೆಚ್ಚು ಬೇಕಾಗುವುದರಿಂದ ವಾರಕ್ಕೊಮ್ಮೆ ಪೂರ್ಣ ಪ್ರತಿ ಮಾಡಿ, ಉಳಿದ ದಿನಗಳಲ್ಲಿ ಹಿಂದಿನ ಬ್ಯಾಕಪ್ಪಿನ ಅನಂತರ ಬದಲಾದುದನ್ನು ಮಾತ್ರ ನಕಲಿಸುವ ಕ್ರಮವಿದೆ. ಇದು ಏರಿಕೆಯ ಪ್ರತಿ, ಅಂದರೆ ಇನ್‌ಕ್ರಿಮೆಂಟಲ್ ಬ್ಯಾಕಪ್. ಕೊನೆಯ ಪೂರ್ಣ ಪ್ರತಿಯ ಅನಂತರ ಬದಲಾದುದೆಲ್ಲವನ್ನೂ ಪ್ರತಿ ಬಾರಿ ನಕಲಿಸಿದರೆ ಅದು ವ್ಯತ್ಯಾಸದ ಪ್ರತಿ, ಅಂದರೆ ಡಿಫರೆನ್ಷಿಯಲ್ ಬ್ಯಾಕಪ್.

ಏರಿಕೆಯ ಪ್ರತಿಗಳು ಸರಪಳಿಯ ಕೊಂಡಿಗಳಂತೆ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಶುಕ್ರವಾರದ ಸ್ಥಿತಿಗೆ ಮರಳಬೇಕಾದರೆ ಭಾನುವಾರದ ಪೂರ್ಣ ಪ್ರತಿಯೂ ಸೋಮವಾರದಿಂದ ಶುಕ್ರವಾರದ ವರೆಗಿನ ಐದು ಏರಿಕೆಯ ಪ್ರತಿಗಳೂ ಬೇಕು. ಬುಧವಾರದ ಕೊಂಡಿ ಕಳಚಿದರೆ ಮಂಗಳವಾರದ ವರೆಗಿನದು ಮಾತ್ರ ನಂಬಿಕೆಗೆ ಅರ್ಹ. ವ್ಯತ್ಯಾಸದ ಪ್ರತಿಗಳಲ್ಲಾದರೆ ಪೂರ್ಣ ಪ್ರತಿ ಮತ್ತು ಕೊನೆಯ ವ್ಯತ್ಯಾಸದ ಪ್ರತಿ, ಈ ಎರಡೇ ಸಾಕು. ಆದರೆ ದಿನದಿಂದ ದಿನಕ್ಕೆ ಅದರ ಗಾತ್ರ ಬೆಳೆಯುತ್ತದೆ.

ಆದುದರಿಂದ ಡಿಸ್ಕಿನಲ್ಲಿ ಜಾಗವಿಲ್ಲವೆಂದು ಅಧ್ಯಾಪಕರು ಹಳೆಯದಾಗಿ ಕಂಡ ಕಡತಗಳನ್ನು ತಾವೇ ಅಳಿಸುವುದು ಅಪಾಯಕಾರಿ. ಹಳೆಯದಾಗಿ ಕಂಡದ್ದು ಪೂರ್ಣ ಪ್ರತಿಯಾಗಿದ್ದರೆ ಅದನ್ನು ಆಧರಿಸಿದ ಹೊಸ ಪ್ರತಿಗಳೆಲ್ಲ ನಿರರ್ಥಕವಾಗುತ್ತವೆ. ಪ್ರತಿಗಳನ್ನು ತೆಗೆಯುವ ಕೆಲಸವನ್ನು ಯಾವಾಗಲೂ ತಂತ್ರಾಂಶದ ಮೂಲಕವೇ ಮಾಡಬೇಕು.

ಉಳಿಕೆಯ ನಿಯಮ ತಪ್ಪುವ ಬಗೆಗಳು

ಮೊದಲನೆಯದು ಜಾಗದ ಲೆಕ್ಕ. ಒಂದು ಶಾಲೆಯ ಸರ್ವರಿನಲ್ಲಿ 90 ಜಿಬಿ ಮಾಹಿತಿಯಿದೆ, ಪ್ರತಿದಿನ 2 ಜಿಬಿಯಷ್ಟು ಬದಲಾಗುತ್ತದೆ ಎಂದಿಟ್ಟುಕೊಳ್ಳಬಹುದು. ಭಾನುವಾರ ಪೂರ್ಣ ಪ್ರತಿ, ಉಳಿದ ಆರು ದಿನ ಏರಿಕೆಯ ಪ್ರತಿ. ಒಂದು ವಾರದ ಸರಪಳಿಗೆ 90 ಮತ್ತು 12 ಸೇರಿ 102 ಜಿಬಿ. 28 ದಿನಗಳ ಪ್ರತಿಗಳು ಉಳಿಯಬೇಕೆಂಬ ನಿಯಮ ವಿಧಿಸಿದರೆ ನಾಲ್ಕು ವಾರಕ್ಕೆ 408 ಜಿಬಿ. 500 ಜಿಬಿಯ ಡಿಸ್ಕನ್ನು ತಂದರೆ ವಿಂಡೋಸ್‌ನಲ್ಲಿ ಅದು ಸುಮಾರು 465 ಜಿಬಿ ಎಂದು ತೋರುತ್ತದೆ. ತಯಾರಕರು ಸಾವಿರದ ಲೆಕ್ಕದಲ್ಲಿಯೂ ವಿಂಡೋಸ್ 1024ರ ಲೆಕ್ಕದಲ್ಲಿಯೂ ಎಣಿಸುವುದು ಇದಕ್ಕೆ ಕಾರಣ. ಆದರೂ 408 ಜಿಬಿ ಅದರಲ್ಲಿ ಹಿಡಿಸುತ್ತದೆ, ಲೆಕ್ಕ ಸರಿಯಾಗಿದೆ ಎಂದೇ ತೋರುತ್ತದೆ.

ಐದನೆಯ ಭಾನುವಾರ ಬ್ಯಾಕಪ್ ವಿಫಲವಾಗುತ್ತದೆ. ಏಕೆಂದರೆ ಆ ದಿನ ಮೊದಲ ವಾರದ ಪೂರ್ಣ ಪ್ರತಿಗೆ 28 ದಿನಗಳಾಗಿದ್ದರೂ ಅದೇ ಸರಪಳಿಯ ಕೊನೆಯ ಕೊಂಡಿಯಾದ ಶನಿವಾರದ ಪ್ರತಿಗೆ 22 ದಿನಗಳಷ್ಟೇ ಆಗಿರುತ್ತವೆ. ಕೊನೆಯ ಕೊಂಡಿಯ ಅವಧಿ ಮುಗಿಯದೆ ತಂತ್ರಾಂಶವು ಸರಪಳಿಯನ್ನು ತೆಗೆಯಲಾರದು. ಹೊಸ ಪೂರ್ಣ ಪ್ರತಿಗೆ ಇನ್ನೂ 90 ಜಿಬಿ ಬೇಕು. ಒಟ್ಟು 498 ಜಿಬಿ. ಡಿಸ್ಕಿನಲ್ಲಿರುವುದು 465. ಈ ಕ್ರಮದಲ್ಲಿ ನಿಯಮ ಹೇಳಿದ ವಾರಗಳಿಗಿಂತ ಒಂದು ವಾರದ ಸರಪಳಿಗೆ ಹೆಚ್ಚು ಜಾಗ ಇರಲೇಬೇಕು. ಪರಿಹಾರ ಎರಡು: 510 ಜಿಬಿಗಿಂತ ಹೆಚ್ಚು ಹಿಡಿಸುವ ಡಿಸ್ಕ್, ಇಲ್ಲವೇ 21 ದಿನಗಳ ನಿಯಮ.

ಎರಡನೆಯದು ಎಣಿಕೆಯ ನಿಯಮ ಮತ್ತು ದಿನದ ನಿಯಮಗಳ ಭೇದ. ‘ಕೊನೆಯ 7 ಪ್ರತಿಗಳನ್ನು ಉಳಿಸು’ ಎಂಬ ನಿಯಮವನ್ನು ಒಂದು ವಾರದ ರಕ್ಷಣೆಯೆಂದು ಭಾವಿಸಲಾಗುತ್ತದೆ. ಆದರೆ ಯಾವುದೋ ದೋಷವನ್ನು ಸರಿಪಡಿಸುವ ಅವಸರದಲ್ಲಿ ಅಧ್ಯಾಪಕರು ಒಂದೇ ಮಧ್ಯಾಹ್ನ ಏಳು ಬಾರಿ ಬ್ಯಾಕಪ್ ಗುಂಡಿ ಒತ್ತಿದರೆ ಉಳಿಯುವ ಏಳೂ ಪ್ರತಿಗಳು ಆ ಮಧ್ಯಾಹ್ನದವೇ. ಹಿಂದಿನ ವಾರ ಅಳಿಸಿಹೋಗಿರುತ್ತದೆ.

ದಿನದ ನಿಯಮಕ್ಕೆ ಬೇಸಿಗೆ ರಜೆಯೇ ಪರೀಕ್ಷೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಸರ್ವರ್ ಮುಚ್ಚಿರುತ್ತದೆ. ಜೂನ್ ತಿಂಗಳಿನಲ್ಲಿ ಶಾಲೆ ತೆರೆದು ಸರ್ವರನ್ನು ಚಾಲೂ ಮಾಡಿದಾಗ, 30 ದಿನಗಳ ನಿಯಮದ ಪ್ರಕಾರ ಎಲ್ಲ ಪ್ರತಿಗಳೂ ಅವಧಿ ಮೀರಿದವು. ಮೊದಲು ಹಳೆಯದನ್ನು ಅಳಿಸಿ ಅನಂತರ ಹೊಸದನ್ನು ಮಾಡುವ ತಂತ್ರಾಂಶವಾಗಿದ್ದು, ಅದೇ ಹೊತ್ತಿಗೆ ಹೊಸ ಪ್ರತಿಯೂ ವಿಫಲವಾದರೆ, ಶಾಲೆಯ ಬಳಿ ಒಂದು ಪ್ರತಿಯೂ ಉಳಿಯುವುದಿಲ್ಲ. ‘30 ದಿನ, ಆದರೆ ಕನಿಷ್ಠ 3 ಪೂರ್ಣ ಪ್ರತಿ’ ಎಂಬಂತೆ ದಿನ ಮತ್ತು ಎಣಿಕೆ ಎರಡನ್ನೂ ವಿಧಿಸಲು ಅವಕಾಶವಿದ್ದರೆ ಹಾಗೆಯೇ ವಿಧಿಸಬೇಕು.

ಮೂರನೆಯದು ಗಡಿಯಾರದ ದೋಷ. ಹಳೆಯ ಕಂಪ್ಯೂಟರಿನ ಒಳಗಿರುವ ನಾಣ್ಯದಾಕಾರದ ಬ್ಯಾಟರಿ ಸತ್ತಿದ್ದರೆ, ವಿದ್ಯುತ್ ಹೋಗಿ ಬಂದಾಗ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಅಂದು ಮಾಡಿದ ಪ್ರತಿಯ ಮೇಲೆ ಆ ಹಳೆಯ ದಿನಾಂಕವೇ ಬೀಳುತ್ತದೆ. ದಿನಾಂಕ ಸರಿಯಾದ ಮೇಲೆ ತಂತ್ರಾಂಶವು ಎಲ್ಲಕ್ಕಿಂತ ಹೊಸದಾದ ಪ್ರತಿಯನ್ನೇ ಎಲ್ಲಕ್ಕಿಂತ ಹಳೆಯದೆಂದು ತಿಳಿದು ಅಳಿಸುತ್ತದೆ. ಪ್ರತಿಗಳು ಕಾರಣವಿಲ್ಲದೆ ಮಾಯವಾಗುತ್ತಿದ್ದರೆ ಮೊದಲು ಸರ್ವರಿನ ದಿನಾಂಕವನ್ನು ನೋಡಬೇಕು.

ನಾಲ್ಕನೆಯದು ತಡವಾಗಿ ತಿಳಿಯುವ ಹಾನಿ. ಆಗಸ್ಟ್ ತಿಂಗಳಿನಲ್ಲಿ ಅಂಕಪಟ್ಟಿಯ ಕಡತವೊಂದು ಕೆಟ್ಟು, ಅದು ಡಿಸೆಂಬರ್ ತಿಂಗಳಿನಲ್ಲಿ ಗಮನಕ್ಕೆ ಬಂದರೆ, 30 ದಿನಗಳ ನಿಯಮದಲ್ಲಿ ಉಳಿದ ಎಲ್ಲ ಪ್ರತಿಗಳಲ್ಲಿಯೂ ಕೆಟ್ಟ ಕಡತವೇ ಇರುತ್ತದೆ. ತಂತ್ರಾಂಶ ದಿನವೂ ಯಶಸ್ಸು ಎಂದೇ ವರದಿ ಮಾಡಿರುತ್ತದೆ. ಇದಕ್ಕೆ ಅಜ್ಜ, ತಂದೆ, ಮಗ ಎಂಬ ಹೆಸರಿನ ಪದ್ಧತಿಯೊಂದು ಬಳಕೆಯಲ್ಲಿದೆ. ದಿನದ 7, ವಾರದ 4, ತಿಂಗಳ 12 ಹೀಗೆ ಒಟ್ಟು 23 ಪ್ರತಿಗಳನ್ನು ಇಟ್ಟುಕೊಂಡರೆ ಇತ್ತೀಚಿನದು ದಿನದ ಅಂತರದಲ್ಲಿಯೂ ಹಳೆಯದು ತಿಂಗಳ ಅಂತರದಲ್ಲಿಯೂ ದೊರೆಯುತ್ತದೆ. ಶೈಕ್ಷಣಿಕ ವರ್ಷ ಮುಗಿದಾಗ ಒಂದು ಪ್ರತಿಯನ್ನು ನಿಯಮದ ಹೊರಗಿಟ್ಟು ಶಾಶ್ವತವಾಗಿ ಕಾಯ್ದಿರಿಸುವುದು ಶಾಲೆಗೆ ಯುಕ್ತವಾದುದು.

ತಾಣ ತಪ್ಪುವ ಬಗೆಗಳು

ವಿಂಡೋಸ್‌ನಲ್ಲಿ ಹೊರ ಡಿಸ್ಕಿಗೆ ಇ, ಎಫ್, ಜಿ ಮುಂತಾದ ಅಕ್ಷರದ ಗುರುತು ದೊರೆಯುತ್ತದೆ. ಡಿಸ್ಕ್ ಜೋಡಿಸುವ ಮೊದಲು ಯಾರಾದರೂ ಪೆನ್‌ಡ್ರೈವ್ ಸಿಕ್ಕಿಸಿದ್ದರೆ ಆ ಅಕ್ಷರ ಪೆನ್‌ಡ್ರೈವಿಗೆ ಹೋಗಿ, ಬ್ಯಾಕಪ್ ಡಿಸ್ಕಿಗೆ ಬೇರೊಂದು ಅಕ್ಷರ ಬರಬಹುದು. ಆಗ ತಂತ್ರಾಂಶವು ತಾಣ ಸಿಗಲಿಲ್ಲವೆನ್ನುತ್ತದೆ, ಇಲ್ಲವೇ ಪೆನ್‌ಡ್ರೈವಿನ ಮೇಲೆಯೇ ಬರೆಯತೊಡಗುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಬ್ಯಾಕಪ್ ಡಿಸ್ಕಿಗೆ ವರ್ಣಮಾಲೆಯ ಕೊನೆಯ ಭಾಗದ ಒಂದು ಅಕ್ಷರವನ್ನು ಖಾಯಂ ಮಾಡಿದರೆ ಈ ತೊಂದರೆ ತಪ್ಪುತ್ತದೆ.

ಕೇರಳದ ಸಾರ್ವಜನಿಕ ಶಾಲೆಗಳಲ್ಲಿ ಬಳಕೆಯಲ್ಲಿರುವ ಉಬುಂಟು ಆಧಾರಿತ ವ್ಯವಸ್ಥೆಯಲ್ಲಿ ಇದೇ ದೋಷ ಬೇರೊಂದು ರೀತಿ ಕಾಣಿಸುತ್ತದೆ. ಲಿನಕ್ಸ್‌ನಲ್ಲಿ ಡಿಸ್ಕು ಒಂದು ಫೋಲ್ಡರಿನ ರೂಪದಲ್ಲಿ ಜೋಡಣೆಗೊಳ್ಳುತ್ತದೆ. ಡಿಸ್ಕ್ ಜೋಡಣೆಯಾಗದೆ ಆ ಹೆಸರಿನ ಫೋಲ್ಡರ್ ಮಾತ್ರ ಇದ್ದರೆ, ನಿಗದಿತ ವೇಳೆಗೆ ತಾನಾಗಿ ಓಡುವ ಬ್ಯಾಕಪ್ ಕಾರ್ಯವು ಸರ್ವರಿನ ಸ್ವಂತ ಡಿಸ್ಕಿನಲ್ಲಿರುವ ಆ ಬರಿದಾದ ಫೋಲ್ಡರಿಗೇ ಬರೆಯುತ್ತದೆ. ವರದಿಯಲ್ಲಿ ಯಶಸ್ಸು ಎಂದಿರುತ್ತದೆ. ಹೊರ ಡಿಸ್ಕಿನಲ್ಲಿ ಏನೂ ಇರುವುದಿಲ್ಲ. ಕೆಲವು ದಿನಗಳಲ್ಲಿ ಸರ್ವರಿನ ಸ್ವಂತ ಡಿಸ್ಕ್ ತುಂಬಿ ಇಡೀ ವ್ಯವಸ್ಥೆ ನಿಂತುಹೋದಾಗಲೇ ಸಂಗತಿ ಹೊರಬೀಳುತ್ತದೆ.

ಫ್ಯಾಟ್ 32 ವಿನ್ಯಾಸದ ಪೆನ್‌ಡ್ರೈವಿನಲ್ಲಿ 4 ಜಿಬಿ ತಲುಪಿದ ಒಂದೇ ಕಡತವನ್ನು ಇಡಲಾಗದು. ಹೀಗಾಗಿ 32 ಜಿಬಿಯ ಪೆನ್‌ಡ್ರೈವ್ ಖಾಲಿಯಿದ್ದರೂ ‘ಜಾಗ ಸಾಲದು’ ಅಥವಾ ‘ಕಡತ ತುಂಬ ದೊಡ್ಡದು’ ಎಂಬ ಸಂದೇಶ ಬರುತ್ತದೆ. ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ವಿನ್ಯಾಸಕ್ಕೆ ಬದಲಾಯಿಸಿದರೆ ಸರಿಹೋಗುತ್ತದೆ. ಹಾಗೆ ಬದಲಾಯಿಸುವಾಗ ಅದರೊಳಗಿನ ಕಡತಗಳು ಅಳಿಸಿಹೋಗುವುದರಿಂದ ಮೊದಲು ಅವನ್ನು ಬೇರೆಡೆ ಇಡಬೇಕು.

ಕನ್ನಡ ಶಾಲೆಗಳು ವಿಶೇಷವಾಗಿ ಗಮನಿಸಬೇಕಾದ ದೋಷವೊಂದಿದೆ. ಲಿನಕ್ಸ್‌ನ ಸಾಮಾನ್ಯ ವಿನ್ಯಾಸಗಳಲ್ಲಿ ಒಂದು ಕಡತದ ಹೆಸರು 255 ಬೈಟುಗಳನ್ನು ಮೀರುವಂತಿಲ್ಲ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಯುಟಿಎಫ್ 8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್ ಬೇಕು. ‘ಕ್ಷ’ ಎಂಬ ಒಂದು ಒತ್ತಕ್ಷರದಲ್ಲಿ ಕ, ವಿರಾಮ ಚಿಹ್ನೆ, ಷ ಎಂಬ ಮೂರು ಸಂಕೇತಗಳಿರುವುದರಿಂದ ಅದೊಂದಕ್ಕೇ 9 ಬೈಟ್. ಹೀಗೆ 85 ಸಂಕೇತಗಳಿಗೆ ಹೆಸರಿನ ಮಿತಿ ಮುಗಿಯುತ್ತದೆ. ಕಣ್ಣಿಗೆ ನಲವತ್ತು ಅಕ್ಷರದಂತೆ ತೋರುವ ಹೆಸರೂ ಈ ಮಿತಿಯನ್ನು ಮುಟ್ಟಬಹುದು. ವಿಂಡೋಸ್ ಕಂಪ್ಯೂಟರಿನಲ್ಲಿ ಸರಿಯಾಗಿ ಉಳಿದ ‘ಎಂಟನೆಯ ತರಗತಿ ಸಮಾಜ ವಿಜ್ಞಾನ ದ್ವಿತೀಯ ಸೆಮಿಸ್ಟರ್ ಮಾದರಿ ಪ್ರಶ್ನೆಪತ್ರಿಕೆ ತಿದ್ದಿದ ಪ್ರತಿ’ ಎಂಬುದಕ್ಕಿಂತಲೂ ಉದ್ದವಾಗಿ ಮಿತಿ ಮೀರಿದ ಹೆಸರಿನ ಕಡತ ಲಿನಕ್ಸ್ ಸರ್ವರಿಗೆ ಹೋಗುವಾಗ ಬಿಟ್ಟುಹೋಗುತ್ತದೆ. ಸಾವಿರ ಕಡತಗಳಲ್ಲಿ ಹತ್ತು ಮಾತ್ರ ಬರುವುದಿಲ್ಲ. ಆ ಹತ್ತೂ ಕನ್ನಡದವೇ ಆಗಿರುತ್ತವೆ. ಹೆಸರನ್ನು ಚಿಕ್ಕದಾಗಿಟ್ಟು ತರಗತಿ, ವರ್ಷ ಮುಂತಾದ ವಿವರಗಳನ್ನು ಫೋಲ್ಡರುಗಳಲ್ಲಿ ಸೂಚಿಸುವುದು ಇದಕ್ಕೆ ಪರಿಹಾರ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಎಚ್ಚರ. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ ಮುಂತಾದ ತಂತ್ರಾಂಶಗಳ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಿಸಿದ ಹಳೆಯ ಕಡತಗಳನ್ನು ಓದಲು ಆ ಅಕ್ಷರವಿನ್ಯಾಸವೇ ಬೇಕು. ಕಡತ ಮಾತ್ರ ಉಳಿದು ಅಕ್ಷರವಿನ್ಯಾಸ ಹೋದರೆ ತೆರೆದ ಪುಟದಲ್ಲಿ ಅರ್ಥವಿಲ್ಲದ ಚಿಹ್ನೆಗಳಷ್ಟೇ ಕಾಣುತ್ತವೆ. ಆದ್ದರಿಂದ ಅವನ್ನು ಯೂನಿಕೋಡಿಗೆ ಪರಿವರ್ತಿಸಿದ ಪ್ರತಿಯನ್ನೂ ಮೂಲ ಅಕ್ಷರವಿನ್ಯಾಸವನ್ನೂ ಬ್ಯಾಕಪ್ಪಿನಲ್ಲಿ ಸೇರಿಸಬೇಕು.

ನಿಯಮವೂ ತಾಣವೂ ಸೇರುವ ಜಾಗ

ಒಂದೇ ತಂತ್ರಾಂಶದಲ್ಲಿ ತಾಣ ಬದಲಾದರೆ ಉಳಿಕೆಯ ನಿಯಮವೂ ಬದಲಾಗಬಹುದು ಎಂಬುದು ಬಹಳ ಮಂದಿಯ ಗಮನಕ್ಕೆ ಬಾರದ ಸಂಗತಿ. ವಿಂಡೋಸ್ ಸರ್ವರ್ ಬ್ಯಾಕಪ್ ಇದಕ್ಕೆ ಸ್ಪಷ್ಟವಾದ ಉದಾಹರಣೆ. ಅದಕ್ಕೆ ಒಂದು ಡಿಸ್ಕನ್ನು ಪೂರ್ಣವಾಗಿ ಮೀಸಲಿಟ್ಟರೆ ಹಲವು ದಿನಗಳ ಪ್ರತಿಗಳು ಅದರಲ್ಲಿ ಉಳಿಯುತ್ತವೆ. ಅದೇ ನಿಗದಿತ ಬ್ಯಾಕಪ್ಪಿಗೆ ಜಾಲದ ಹಂಚಿಕೆಯ ಫೋಲ್ಡರನ್ನು ತಾಣವಾಗಿ ಕೊಟ್ಟರೆ ಪ್ರತಿಯೊಂದು ಹೊಸ ಬ್ಯಾಕಪ್ ಹಿಂದಿನದನ್ನು ಅಳಿಸುತ್ತದೆ. ಇತ್ತೀಚಿನ ಒಂದು ಪ್ರತಿ ಮಾತ್ರ ಇರುತ್ತದೆ. ನಿನ್ನೆ ಕೆಟ್ಟ ಕಡತವನ್ನು ಮೊನ್ನೆಯ ಪ್ರತಿಯಿಂದ ತರಲು ಹೊರಟವರಿಗೆ ಮೊನ್ನೆಯ ಪ್ರತಿಯೇ ಇರುವುದಿಲ್ಲ. ಮೀಸಲಿಟ್ಟ ಡಿಸ್ಕ್ ಹೊಸದಾಗಿ ಫಾರ್ಮ್ಯಾಟ್ ಆಗಿ ಎಕ್ಸ್‌ಪ್ಲೋರರಿನಲ್ಲಿ ಕಾಣದಂತಾಗುತ್ತದೆ ಎಂಬುದನ್ನೂ ತಿಳಿದಿರಬೇಕು. ಡಿಸ್ಕ್ ಕೆಟ್ಟಿದೆಯೆಂದು ಭಾವಿಸಿ ಅದನ್ನು ಮತ್ತೆ ಫಾರ್ಮ್ಯಾಟ್ ಮಾಡಿದರೆ ಇದ್ದ ಪ್ರತಿಗಳೆಲ್ಲ ನಷ್ಟವಾಗುತ್ತವೆ.

ಜಾಗ ಮುಗಿದಾಗ ಏನನ್ನು ಬಿಟ್ಟುಕೊಡಲಾಗುತ್ತದೆ ಎಂಬ ಪ್ರಶ್ನೆಗೂ ತಂತ್ರಾಂಶಗಳು ಬೇರೆ ಬೇರೆ ಉತ್ತರ ಕೊಡುತ್ತವೆ. ವಿಂಡೋಸ್‌ನ ಫೈಲ್ ಹಿಸ್ಟರಿಯು ಹಳೆಯ ಪ್ರತಿಗಳನ್ನು ಸದಾಕಾಲ ಉಳಿಸುವ ಆಯ್ಕೆಯೊಂದಿಗೇ ಆರಂಭವಾಗುತ್ತದೆ. ಹಾಗೆಯೇ ಬಿಟ್ಟರೆ ಡಿಸ್ಕ್ ತುಂಬಿದಾಗ ಹೊಸ ಪ್ರತಿಗಳು ನಿಲ್ಲುತ್ತವೆ. ಉಬುಂಟುವಿನ ಡೇಜಾ ಡೂಪ್ ತಂತ್ರಾಂಶದಲ್ಲಿ ಆರು ತಿಂಗಳು, ಒಂದು ವರ್ಷ, ಸದಾಕಾಲ ಎಂಬ ಆಯ್ಕೆಗಳಿದ್ದರೂ ಜಾಗ ಕಡಿಮೆಯಾದರೆ ಅವಧಿಗೆ ಮೊದಲೇ ಹಳೆಯದನ್ನು ತೆಗೆಯಲಾಗುತ್ತದೆ. ಒಂದರಲ್ಲಿ ವರ್ತಮಾನಕ್ಕೆ ರಕ್ಷಣೆ ತಪ್ಪುತ್ತದೆ, ಇನ್ನೊಂದರಲ್ಲಿ ಗತಕಾಲಕ್ಕೆ. ಎರಡರಲ್ಲಿಯೂ ಮಾಡಬೇಕಾದುದು ಒಂದೇ: ಡಿಸ್ಕಿನಲ್ಲಿ ಉಳಿದ ಜಾಗವನ್ನು ತಿಂಗಳಿಗೊಮ್ಮೆ ನೋಡಿ ಬರೆದಿಡುವುದು.

ಕ್ಲೌಡ್ ಫೋಲ್ಡರಿನೊಂದಿಗೆ ತಾನಾಗಿ ಹೊಂದಿಕೆಯಾಗುವ ವ್ಯವಸ್ಥೆಯನ್ನು ಬ್ಯಾಕಪ್ ಎಂದು ತಿಳಿಯುವುದು ಇನ್ನೊಂದು ತಪ್ಪು ಕಲ್ಪನೆ. ಇಲ್ಲಿ ಅಳಿಸಿದ ಕಡತ ಅಲ್ಲಿಯೂ ಅಳಿಯುತ್ತದೆ. ಗೂಗಲ್ ಡ್ರೈವಿನ ಕಸದ ಬುಟ್ಟಿಯಲ್ಲಿ ಅದು 30 ದಿನವಿದ್ದು ಬಳಿಕ ಶಾಶ್ವತವಾಗಿ ಹೋಗುತ್ತದೆ. ಬೇಸಿಗೆ ರಜೆ ಅದಕ್ಕಿಂತ ದೀರ್ಘ.

ಮೂರು ಪ್ರಸಂಗಗಳು

ಇವು ಸಣ್ಣ ಶಾಲೆಗಳ ಸಮಸ್ಯೆಗಳು ಮಾತ್ರವಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ತಂತ್ರಜ್ಞರೊಬ್ಬರು ತಪ್ಪಿ ಮುಖ್ಯ ಸರ್ವರಿನ ದತ್ತಾಂಶವನ್ನು ಅಳಿಸಿದರು. ಬ್ಯಾಕಪ್ ಇರಬೇಕಾದ ಕ್ಲೌಡ್ ತಾಣವನ್ನು ತೆರೆದಾಗ ಅದು ಬರಿದಾಗಿತ್ತು. ದತ್ತಾಂಶ ವ್ಯವಸ್ಥೆಯ ಆವೃತ್ತಿ 9.6 ಆಗಿದ್ದರೆ ನಕಲು ಮಾಡುವ ಉಪಕರಣದ ಆವೃತ್ತಿ 9.2 ಆಗಿದ್ದುದರಿಂದ ಬ್ಯಾಕಪ್ ವಿಫಲವಾಗುತ್ತ ಬಂದಿತ್ತು. ವಿಫಲತೆಯನ್ನು ತಿಳಿಸುವ ಮಿಂಚಂಚೆಗಳೂ ತಿರಸ್ಕೃತವಾಗಿ ಯಾರನ್ನೂ ತಲುಪಿರಲಿಲ್ಲ. ಬೇರೊಂದು ಉದ್ದೇಶಕ್ಕೆಂದು ಸುಮಾರು ಆರು ಗಂಟೆ ಮೊದಲು ತೆಗೆದಿದ್ದ ಪ್ರತಿಯೊಂದು ಅದೃಷ್ಟವಶಾತ್ ಇದ್ದುದರಿಂದ ಹೆಚ್ಚಿನ ಮಾಹಿತಿ ಉಳಿಯಿತು. ಸಂಸ್ಥೆಯು ಈ ವಿವರಗಳನ್ನು ತಾನೇ ಬಹಿರಂಗಪಡಿಸಿತು.

2021ರ ಡಿಸೆಂಬರ್ ತಿಂಗಳಿನಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಸೂಪರ್ ಕಂಪ್ಯೂಟರಿನಲ್ಲಿ ನಡೆದುದು ಅಳಿಸುವ ನಿಯಮದ ದೋಷ. 10 ದಿನಗಳಿಗಿಂತ ಹಳೆಯದಾದ ದಿನಚರಿ ಕಡತಗಳನ್ನು ಮಾತ್ರ ತೆಗೆಯಬೇಕಾಗಿದ್ದ ಬ್ಯಾಕಪ್ ಕಾರ್ಯವು, ಓಡುತ್ತಿರುವಾಗಲೇ ಅದನ್ನು ತಿದ್ದಿದ ಕಾರಣ, ಸಂಶೋಧಕರ ಕಡತಗಳನ್ನೇ ತೆಗೆಯಿತು. ಸುಮಾರು 77 ಟೆರಾಬೈಟಿನ 3 ಕೋಟಿ 40 ಲಕ್ಷ ಕಡತಗಳು ಅಳಿದವು. ಹಾನಿಗೊಂಡ 14 ತಂಡಗಳಲ್ಲಿ ನಾಲ್ಕರ ಮಾಹಿತಿ ಮರಳಿ ದೊರೆಯಲಿಲ್ಲ.

2017ರ ಮೇ ತಿಂಗಳಿನಲ್ಲಿ ಜಗತ್ತಿನಾದ್ಯಂತ ಹರಡಿದ ವಾನಾಕ್ರೈ ಕುತಂತ್ರಾಂಶವು ವಯನಾಡಿನ ತರಿಯೋಡು ಗ್ರಾಮ ಪಂಚಾಯತಿ ಕಚೇರಿಯ ಕಂಪ್ಯೂಟರುಗಳಿಗೂ ತಗಲಿತು. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ಇಂಥ ಕುತಂತ್ರಾಂಶಗಳು ಸದಾ ಜೋಡಿಸಿಟ್ಟ ಬ್ಯಾಕಪ್ ಡಿಸ್ಕನ್ನೂ ಬಿಡುವುದಿಲ್ಲ. ತುಲಾ ಮಾಸದ ಸಿಡಿಲಿಗೂ ಇದೇ ಮಾತು ಅನ್ವಯಿಸುತ್ತದೆ. ವಿದ್ಯುತ್ ತಂತಿಯ ಮೂಲಕ ಬಂದ ಆಘಾತ ಸರ್ವರನ್ನು ಸುಡುವಾಗ ಅದಕ್ಕೆ ಜೋಡಿಸಿದ ಡಿಸ್ಕನ್ನೂ ಸುಡಬಹುದು. ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ 3, 2, 1 ಎಂಬ ಸೂತ್ರ ಇದಕ್ಕೆ ಉತ್ತರ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ. ಎರಡು ಹೊರ ಡಿಸ್ಕುಗಳನ್ನು ವಾರಕ್ಕೊಂದರಂತೆ ಬದಲಿಸಿ, ಬಳಕೆಯಲ್ಲಿಲ್ಲದ್ದನ್ನು ಬೇರೆ ಕಟ್ಟಡದಲ್ಲಿ ಇಟ್ಟರೆ ಸಣ್ಣ ಶಾಲೆಯೂ ಇದನ್ನು ಬಹುಮಟ್ಟಿಗೆ ಪಾಲಿಸಬಹುದು. ವಿದ್ಯಾರ್ಥಿಗಳ ವೈಯಕ್ತಿಕ ವಿವರಗಳಿರುವ ಡಿಸ್ಕನ್ನು ಗುಪ್ತಪದದಿಂದ ರಕ್ಷಿಸಬೇಕು. ಆ ಗುಪ್ತಪದವನ್ನು ಲಕೋಟೆಯಲ್ಲಿಟ್ಟು ಮೊಹರು ಮಾಡಿ ಮುಖ್ಯೋಪಾಧ್ಯಾಯರ ಬಳಿ ಇರಿಸಬೇಕು. ಅದನ್ನು ಬಲ್ಲ ಒಬ್ಬರೇ ಅಧ್ಯಾಪಕರು ವರ್ಗಾವಣೆಗೊಂಡರೆ ಪ್ರತಿ ಇದ್ದೂ ಇಲ್ಲದಂತೆ.

ದೋಷ ಹುಡುಕುವ ಕ್ರಮ

ಬ್ಯಾಕಪ್ ಕೆಟ್ಟಿದೆಯೆಂಬ ಸಂಶಯ ಬಂದಾಗ ಕೆಳಗಿನ ಅನುಕ್ರಮವನ್ನು ಪಾಲಿಸುವುದು ಕ್ಷೇಮ.

1. ಯಾವುದನ್ನೂ ಅಳಿಸಬಾರದು, ಫಾರ್ಮ್ಯಾಟ್ ಮಾಡಬಾರದು, ಬ್ಯಾಕಪ್ಪನ್ನು ಮತ್ತೆ ಮತ್ತೆ ಓಡಿಸಬಾರದು. ತಾನಾಗಿ ಅಳಿಸುವ ನಿಯಮವಿದ್ದರೆ ತಾತ್ಕಾಲಿಕವಾಗಿ ನಿಲ್ಲಿಸಬೇಕು.

2. ತಂತ್ರಾಂಶದ ದಿನಚರಿಯನ್ನು ಓದಿ ಕೊನೆಯ ಯಶಸ್ವೀ ಪ್ರತಿಯ ದಿನಾಂಕವನ್ನೂ ಮೊದಲ ದೋಷ ಸಂದೇಶವನ್ನೂ ಬರೆದುಕೊಳ್ಳಬೇಕು. ಕೊನೆಯ ಸಂದೇಶಕ್ಕಿಂತ ಮೊದಲ ಸಂದೇಶವೇ ಕಾರಣಕ್ಕೆ ಹತ್ತಿರವಾದುದು.

3. ಸರ್ವರಿನ ದಿನಾಂಕ, ವೇಳೆ ಸರಿಯಾಗಿವೆಯೇ ಎಂದು ನೋಡಬೇಕು.

4. ತಾಣವನ್ನು ಪರೀಕ್ಷಿಸಬೇಕು. ಡಿಸ್ಕ್ ಜೋಡಣೆಯಾಗಿದೆಯೇ, ಅಕ್ಷರ ಅಥವಾ ಹೆಸರು ಬದಲಾಗಿದೆಯೇ, ಜಾಲದ ಫೋಲ್ಡರಿನ ಗುಪ್ತಪದವನ್ನು ಯಾರಾದರೂ ಬದಲಿಸಿದ್ದಾರೆಯೇ, ಒಂದು ಸಣ್ಣ ಕಡತವನ್ನು ಅಲ್ಲಿ ಬರೆಯಲು ಸಾಧ್ಯವೇ ಎಂದು ನೋಡಬೇಕು. ಮೀಸಲಿಟ್ಟ ಡಿಸ್ಕಾದರೆ ಅದನ್ನು ತಂತ್ರಾಂಶದ ಒಳಗಿನಿಂದಲೇ ನೋಡಬೇಕು.

5. ಜಾಗವನ್ನು ಲೆಕ್ಕ ಹಾಕಬೇಕು. ನಿಯಮ ಹೇಳುವ ಸರಪಳಿಗಳಿಗೂ ಇನ್ನೊಂದು ಹೆಚ್ಚುವರಿ ಸರಪಳಿಗೂ ಸ್ಥಳವಿದೆಯೇ?

6. ಆ ಬಳಿಕವೇ ಉಳಿಕೆಯ ನಿಯಮವನ್ನು ತಿದ್ದಬೇಕು. ತಿದ್ದಿದ ದಿನಾಂಕ, ಕಾರಣ, ತಿದ್ದಿದವರ ಹೆಸರು ಈ ಮೂರನ್ನೂ ಒಂದು ಪುಸ್ತಕದಲ್ಲಿ ದಾಖಲಿಸಬೇಕು.

7. ಕೊನೆಗೆ ಒಂದು ಕಡತವನ್ನು ಬೇರೊಂದು ಫೋಲ್ಡರಿಗೆ ಮರಳಿ ತಂದು, ತೆರೆದು ಓದಿ ನೋಡಬೇಕು. ಕನ್ನಡದ ಹೆಸರುಳ್ಳ ಕಡತವನ್ನೇ ಇದಕ್ಕೆ ಆರಿಸಬೇಕು.

ಏಳನೆಯ ಹೆಜ್ಜೆಯನ್ನು ದೋಷವಿಲ್ಲದಾಗಲೂ ತಿಂಗಳಿಗೊಮ್ಮೆ ನಡೆಸಬೇಕು. ‘ಯಶಸ್ಸು’ ಎಂಬ ಹಸಿರು ಗುರುತು ತಂತ್ರಾಂಶವು ತನ್ನ ಕೆಲಸ ಮುಗಿಸಿತೆಂದು ಹೇಳುತ್ತದೆಯೇ ಹೊರತು ಕಡತ ಮರಳಿ ದೊರೆಯುತ್ತದೆಂದು ಹೇಳುವುದಿಲ್ಲ.

ತರಗತಿಯಲ್ಲಿ

ಸರಪಳಿಯ ಕಲ್ಪನೆಯನ್ನು ಐಟಿ ಪಾಠದ ಅವಧಿಯಲ್ಲಿ ಕಾಗದದ ಚೀಟಿಗಳಿಂದಲೇ ತಿಳಿಸಬಹುದು. ಒಂದು ಗುಂಪು ಹತ್ತು ಪದಗಳ ಪಟ್ಟಿಯನ್ನು ದೊಡ್ಡ ಹಾಳೆಯಲ್ಲಿ ಬರೆಯಲಿ. ಅದು ಪೂರ್ಣ ಪ್ರತಿ. ಮುಂದಿನ ಐದು ಚೀಟಿಗಳಲ್ಲಿ ದಿನಕ್ಕೊಂದರಂತೆ ಬದಲಾದ ಪದವನ್ನು ಮಾತ್ರ ಬರೆಯಲಿ. ಇನ್ನೊಂದು ಗುಂಪು ಅವುಗಳಿಂದ ಐದನೆಯ ದಿನದ ಪಟ್ಟಿಯನ್ನು ಮರುರಚಿಸಲಿ. ಬಳಿಕ ಮೂರನೆಯ ಚೀಟಿಯನ್ನು ಅಧ್ಯಾಪಕರು ತೆಗೆದಿಟ್ಟು ಮತ್ತೆ ಪ್ರಯತ್ನಿಸಲು ಹೇಳಲಿ. ಕೊನೆಗೆ ದೊಡ್ಡ ಹಾಳೆಯನ್ನೇ ತೆಗೆದಿಡಲಿ. ಯಾವ ಚೀಟಿ ಹೋದರೆ ಎಷ್ಟು ಹೋಗುತ್ತದೆ ಎಂಬುದನ್ನು ವಿದ್ಯಾರ್ಥಿಗಳು ತಾವೇ ಹೇಳುತ್ತಾರೆ. ಪಟ್ಟಿಗೆ ಊರಿನ ಹಿರಿಯರ ಬಾಯಲ್ಲಿ ಮಾತ್ರ ಉಳಿದಿರುವ ಕನ್ನಡ ಪದಗಳನ್ನು ಆರಿಸಿಕೊಂಡರೆ, ಕಳೆದುಹೋದ ಚೀಟಿಯ ಬೆಲೆಯೂ ಅವರಿಗೆ ತಿಳಿಯುತ್ತದೆ. ಚಟುವಟಿಕೆ ಮುಗಿದ ಮೇಲೆ ಆ ಪಟ್ಟಿಯನ್ನು ಶಾಲೆಯ ಸರ್ವರಿನಲ್ಲಿ ಬೆರಳಚ್ಚಿಸಿಡಬೇಕು. ಅದರ ಒಂದು ಮುದ್ರಿತ ಪ್ರತಿಯನ್ನು ಗ್ರಂಥಾಲಯದಲ್ಲಿಯೂ ಇನ್ನೊಂದನ್ನು ನೆರೆಯ ಕನ್ನಡ ಶಾಲೆಯಲ್ಲಿಯೂ ಇರಿಸುವುದು ಒಳಿತು.